ತಿಪ್ಪೆಯೊಳಗಿನ ದೇವಿ

ಗ್ರೀಸ್ ದೇಶದ ಅಥೆನ್ಸ್ ನಗರಕ್ಕೆ ಪಶ್ಚಿಮದಲ್ಲಿ, ಸುಮಾರು 20 ಕಿಲೋಮೀಟರು ದೂರದಲ್ಲಿ, ಕಡಲ ಅಂಚಿಗೆ ಎಲ್ಯೂಸಿಸ್ ಎಂಬ ಊರಿದೆ. 1801ರಲ್ಲಿ ಅದು ತುರ್ಕರ ಆಳ್ವಿಕೆಗೊಳಪಟ್ಟ ಒಂದು ಬಡ ಹಳ್ಳಿ. ಅಲ್ಲಿಯ ಜನರು ಕ್ರೈಸ್ತರು. ಆದರೂ ಊರ ಕಣದ ಬಳಿಯ ತಿಪ್ಪೆಯಲ್ಲಿ ಕುತ್ತಿಗೆಯವರೆಗೆ ಹೂತುಹೋಗಿದ್ದ ಒಂದು ಭಾರಿ ಅಮೃತಶಿಲೆಯ ಸ್ತ್ರೀವಿಗ್ರಹಕ್ಕೆ ಅವರು ಹಬ್ಬದ ದಿನಗಳಲ್ಲಿ ದೀಪ ಹಚ್ಚುತ್ತಿದ್ದರು. ತಮ್ಮ ಹೊಲ ಬೆಳೆಯುವುದು ಆಕೆಯ ದಯೆಯಿಂದಲೇ ಎಂದು ಅವರ ನಂಬಿಕೆ. ಆಕೆಯನ್ನು ಅಲುಗಿಸಲು ಹೋದವನ ತೋಳು ಕಳಚಿ ಬೀಳುವುದೆಂಬ ಭಯವೂ ಇದ್ದಿತು. ಗೊಬ್ಬರದಲ್ಲಿ ಹೂತಿಟ್ಟದ್ದು ಅನಾದರವೆಂದು ಪೇಟೆಯವರಿಗೆ ತೋರಬಹುದು. ಬೇಸಾಯದ ದೇವಿಗೆ ಗೊಬ್ಬರಕ್ಕಿಂತ ತಕ್ಕ ಪೀಠ ಬೇರೆ ಯಾವುದು?

ಆ ವರ್ಷ ಅಲ್ಲಿಗೆ ಬಂದವನು ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಂಬ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ವಾಂಸ. ಅವನು ಮುಂದೆ ಮಾಡಿದುದನ್ನು ಹೇಳುವ ಮೊದಲು, ಆ ದೇವಿ ಯಾರೆಂಬುದನ್ನು ಸ್ವಲ್ಪ ನೋಡಬೇಕು.

ಪ್ರಾಚೀನ ಗ್ರೀಕರ ಧಾನ್ಯದೇವತೆ ಡಿಮಿಟರ್. ರೋಮನರು ಆಕೆಯನ್ನು ಸೀರಿಸ್ ಎಂದರು. ನಾವು ಬೆಳಗಿನ ತಿಂಡಿಗೆ ಡಬ್ಬಿಯಿಂದ ಸುರಿದುಕೊಳ್ಳುವ ‘ಸೀರಿಯಲ್’ ಎಂಬ ಮಾತು ಆ ಹೆಸರಿನಿಂದ ಬಂದುದೇ. ಡಿಮಿಟರಳ ಮಗಳು ಪರ್ಸಿಫೊನಿ ಹುಲ್ಲುಗಾವಲಿನಲ್ಲಿ ಹೂ ಕೊಯ್ಯುತ್ತಿರುವಾಗ ಪಾತಾಳದ ದೊರೆ ಹೇಡೀಸ್ ಆಕೆಯನ್ನು ಹೊತ್ತೊಯ್ದನು. ತಾಯಿ ಒಂಬತ್ತು ದಿನ ಪಂಜು ಹಿಡಿದು ಹುಡುಕಿದಳು. ಕೊನೆಗೆ ಮುದುಕಿಯ ವೇಷದಲ್ಲಿ ಎಲ್ಯೂಸಿಸಿನ ಬಾವಿಯ ಬಳಿ ಬಂದು ಕುಳಿತಳು. ಆಕೆಯ ಮುನಿಸಿನಿಂದ ಬಿತ್ತಿದ ಬೀಜ ಮೊಳೆಯದಾಯಿತು. ಮನುಷ್ಯರಿಗೆ ಕೂಳಿಲ್ಲ, ದೇವತೆಗಳಿಗೆ ಬಲಿಯಿಲ್ಲ. ದೇವರಾಜನಾದ ಜ್ಯೂಸನು ಮಣಿಯಲೇಬೇಕಾಯಿತು. ಆದರೆ ಮಗಳು ಪಾತಾಳದಲ್ಲಿ ದಾಳಿಂಬೆಯ ಕಾಳೊಂದನ್ನು ತಿಂದುಬಿಟ್ಟಿದ್ದಳು. ಆದುದರಿಂದ ವರ್ಷದ ಮೂರರಲ್ಲಿ ಒಂದು ಪಾಲು ಕೆಳಗೆ, ಉಳಿದ ಎರಡು ಪಾಲು ತಾಯಿಯ ಬಳಿ ಎಂದು ತೀರ್ಮಾನವಾಯಿತು.

ಈ ಕಥೆಯನ್ನು ವಿಸ್ತಾರವಾಗಿ ಹೇಳುವ ಪ್ರಾಚೀನ ಸ್ತೋತ್ರದ ಹಸ್ತಪ್ರತಿ ವಿದ್ವಾಂಸರ ಕಣ್ಣಿಗೆ ಬಿದ್ದುದು 1777ರಲ್ಲಿ, ಅದೂ ದೂರದ ಮಾಸ್ಕೋ ನಗರದಲ್ಲಿ.

ಮಗಳು ಕೆಳಗಿರುವ ಕಾಲವೇ ಚಳಿಗಾಲ, ಮೇಲೆ ಬಂದಾಗ ವಸಂತ ಎಂದು ಶಾಲೆಯ ಪುಸ್ತಕಗಳು ವಿವರಿಸುವುದುಂಟು. ಹಿಮ ಬೀಳುವ ಉತ್ತರ ಯೂರೋಪಿನವರಿಗೆ ಇದು ಸರಿಯೆನಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗ್ರೀಸಿನ ಹೊಲವೇ ಬೇರೆ. ಅಲ್ಲಿ ಗೋಧಿ, ಜವೆಗಳನ್ನು ಬಿತ್ತುವುದು ಅಕ್ಟೋಬರ್-ನವೆಂಬರಿನ ಮಳೆಗೆ, ಚಳಿಗಾಲದಲ್ಲಿ ಹೊಲ ಹಸುರು, ಕೊಯ್ಲು ಮೇ-ಜೂನಿನಲ್ಲಿ. ನೆಲ ಒಣಗಿ ಬಿರಿದು ಬರಡಾಗುವುದು ಕಡುಬೇಸಗೆಯಲ್ಲಿ! ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ಇದನ್ನೇ ಹಿಡಿದು, ಪರ್ಸಿಫೊನಿ ಪಾತಾಳಕ್ಕಿಳಿಯುವುದೆಂದರೆ ಕೊಯ್ಲಾದ ಮೇಲೆ ಬೀಜದ ಕಾಳು ನೆಲದೊಳಗಿನ ಕಣಜಕ್ಕೆ ಇಳಿಯುವುದು; ಮಳೆ ಬಿದ್ದು ಬಿತ್ತನೆಗೆ ಕಣಜ ತೆರೆದಾಗ ಮಗಳು ತಾಯಿಯ ಬಳಿಗೆ ಬರುತ್ತಾಳೆ ಎಂದು ವಾದಿಸಿದನು. ನಮ್ಮ ಉತ್ತರ ಕರ್ನಾಟಕದಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ, ಬೇಕಾದಾಗ ತೆರೆಯುವುದನ್ನು ಕಂಡವರಿಗೆ ಈ ಮಾತು ಥಟ್ಟನೆ ಮನಸ್ಸಿಗೆ ಹಿಡಿಸುತ್ತದೆ. ನನಗೂ ಹಿಡಿಸಿತು. ಆದರೆ ಮಗಳು ಮರಳುವುದು ವಸಂತದ ಹೂಗಳೊಡನೆ ಎಂದು ಆ ಸ್ತೋತ್ರವೇ ಹೇಳುತ್ತದಾದುದರಿಂದ ನಿಲ್ಸನ್ನನ ವಾದವನ್ನು ಎಲ್ಲರೂ ಒಪ್ಪಿಲ್ಲ. ಸ್ತೋತ್ರ ಕವಿಯದು, ಕಣಜ ರೈತನದು. ಎರಡೂ ಒಂದೇ ಮಾತು ಹೇಳಬೇಕೆಂದು ನಾವು ಹಟ ಹಿಡಿಯುವುದೇಕೆ?

ಮಗಳು ದೊರೆತ ಮೇಲೆ ಡಿಮಿಟರ್ ಎಲ್ಯೂಸಿಸಿನ ಟ್ರಿಪ್ಟೊಲೆಮಸನಿಗೆ ಗೋಧಿಯ ತೆನೆ ಕೊಟ್ಟು ಬೇಸಾಯ ಕಲಿಸಿದಳೆಂದೂ, ಊರ ಪಕ್ಕದ ರೇರಿಯನ್ ಬಯಲಿನಲ್ಲಿ ಮೊದಲ ಬೆಳೆ ಬಂದಿತೆಂದೂ ಪ್ರತೀತಿ. ಪ್ರತಿವರ್ಷ ಬಿತ್ತನೆಯ ಮುಂಚೆ, ಸೆಪ್ಟೆಂಬರ್-ಅಕ್ಟೋಬರಿನ ಸುಮಾರಿಗೆ, ಅಥೆನ್ಸಿನಿಂದ ಮೆರವಣಿಗೆ ಹೊರಟು ಎಲ್ಯೂಸಿಸಿನಲ್ಲಿ ಗುಪ್ತ ದೀಕ್ಷೆ ನಡೆಯುತ್ತಿದ್ದಿತು. ನಮ್ಮಲ್ಲಿ ಭೂಮಿ ಹುಣ್ಣಿಮೆಗೆ ಬಸುರಿ ಭೂಮಿತಾಯಿಗೆ ಬಯಕೆಯ ಅಡುಗೆ ಉಣಿಸುವುದೂ ಹೆಚ್ಚುಕಡಮೆ ಅದೇ ಕಾಲದಲ್ಲಿ. ಒಂದರಿಂದ ಇನ್ನೊಂದು ಬಂದಿತೆಂದು ಹೇಳುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಎಲ್ಯೂಸಿಸಿನ ದೀಕ್ಷೆಗೆ ಹೆಂಗಸರೂ ಗುಲಾಮರೂ ಅರ್ಹರು. ಗ್ರೀಕ್ ಭಾಷೆ ತಿಳಿದಿದ್ದು, ಕೊಲೆಯ ಕಳಂಕವಿಲ್ಲದಿದ್ದರೆ ಸಾಕು. ಒಳಗೆ ಕಂಡುದನ್ನು ಹೊರಗೆ ಹೇಳಿದವನಿಗೆ ಮರಣದಂಡನೆ. ಸಾವಿರ ವರ್ಷಕ್ಕೂ ಮಿಕ್ಕಿ ಜನ ಬಂದು ಹೋದರು. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಕ್ರಿ.ಶ. 392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವತೆಗಳ ಪೂಜೆಯನ್ನೇ ನಿಷೇಧಿಸಿದನು. 396ರಲ್ಲಿ ಅಲಾರಿಕನ ಗಾಥ್ ದಂಡು ಎಲ್ಯೂಸಿಸನ್ನು ಹಾಳುಗೆಡವಿತು. ಚರಿತ್ರೆಯ ಪುಸ್ತಕಗಳಲ್ಲಿ ಡಿಮಿಟರಳ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಊರವರು ಮಾತ್ರ ಮುಗಿಸಲಿಲ್ಲ. 19ನೆಯ ಶತಮಾನದಲ್ಲಿ ಲೆನಾರ್ಮಾ ಎಂಬ ಫ್ರೆಂಚ್ ವಿದ್ವಾಂಸ ಆ ಊರಿನಲ್ಲಿ ‘ಸಂತ ಡಿಮಿತ್ರಾ’ ಎಂಬ ತಾಯಿಯ ಕಥೆ ಕೇಳಿದನು. ಆಕೆಯ ಮಗಳನ್ನು ಹೊತ್ತೊಯ್ದವನು ಒಬ್ಬ ತುರ್ಕ ಸರದಾರ! ಇಗರ್ಜಿಯ ಪಟ್ಟಿಯಲ್ಲಿ ಡಿಮಿಟ್ರಿಯಸ್ ಎಂಬ ಪುರುಷಸಂತನುಂಟು; ಈ ಹೆಸರಿನ ಸಂತಳಿಲ್ಲ. ಪಾತಾಳದ ದೊರೆಯ ಬದಲು ತಮಗೆ ಗೊತ್ತಿದ್ದ ದೊರೆಯನ್ನು ರೈತರು ಕಥೆಯೊಳಕ್ಕೆ ತಂದರು, ಅಷ್ಟೆ.

ಇನ್ನು ಕ್ಲಾರ್ಕನ ವಿಷಯ. ಅಥೆನ್ಸಿನ ತುರ್ಕ ಅಧಿಕಾರಿಗೆ ಒಂದು ದೂರದರ್ಶಕವನ್ನು ಕಾಣಿಕೆ ಕೊಟ್ಟು ವಿಗ್ರಹ ಒಯ್ಯಲು ಅವನು ಅಪ್ಪಣೆ ಪಡೆದನು. ಒಯ್ಯುವ ಹಿಂದಿನ ಸಂಜೆ ನೊಗ ಬಿಚ್ಚಿದ ಎತ್ತೊಂದು ವಿಗ್ರಹಕ್ಕೆ ಕೋಡಿನಿಂದ ಹಾಯ್ದು, ಕೂಗುತ್ತ ಬಯಲಿಗೆ ಓಡಿತೆಂದು ಅವನೇ ಬರೆದಿದ್ದಾನೆ. ಊರಿಗೆ ಊರೇ ನಡುಗಿತು; ಯಾರೂ ಕೈ ಹಚ್ಚಲೊಲ್ಲರು. ಕೊನೆಗೆ ಊರ ಪಾದ್ರಿಯೇ ಪೂಜೆಯ ನಿಲುವಂಗಿ ತೊಟ್ಟು ಬಂದು ಮೊದಲ ಗುದ್ದಲಿಪೆಟ್ಟು ಹಾಕಿದನು. ಎರಡು ಟನ್ನಿಗೂ ಮಿಕ್ಕ ಆ ಕಲ್ಲನ್ನು ಕಡಲಿನವರೆಗೆ ಎಳೆದವರು ಊರವರೇ. ಹಡಗು ಮುಳುಗುವುದೆಂದು ಅವರು ನುಡಿದಿದ್ದರು. ಅದರಂತೆ 1802ರಲ್ಲಿ ಇಂಗ್ಲೆಂಡಿನ ದಡ ಇನ್ನೇನು ಬಂದಿತೆನ್ನುವಾಗ, ಬೀಚಿ ಹೆಡ್ ಬಳಿ ಹಡಗು ಒಡೆಯಿತು. ವಿಗ್ರಹವನ್ನು ನೀರಿನಿಂದ ಮೇಲೆತ್ತಿದರು. ಕೆಲವು ವರ್ಷಗಳ ಮೇಲೆ ಎಲ್ಯೂಸಿಸಿಗೆ ಹೋದ ಎಡ್ವರ್ಡ್ ಡಾಡ್ವೆಲ್ ಎಂಬ ಪ್ರವಾಸಿಯ ಮುಂದೆ ಹಳ್ಳಿಗರು, ದೇವಿ ಹೋದಂದಿನಿಂದ ಬೆಳೆ ಕೈಗೆ ಹತ್ತುತ್ತಿಲ್ಲವೆಂದು ಹಲುಬಿದರು.

ಪಂಡಿತರು ಮುಂದೆ ಕಂಡುಕೊಂಡುದೇನೆಂದರೆ, ಆ ವಿಗ್ರಹ ಡಿಮಿಟರಳದೇ ಅಲ್ಲ! ರೋಮಿನಲ್ಲಿ ಕ್ರಿ.ಪೂ. 54ರ ಕಾನ್ಸಲನಾಗಿದ್ದ ಆಪಿಯಸ್ ಕ್ಲಾಡಿಯಸ್ ಪುಲ್ಕರನು ಕಟ್ಟಿಸಿದ ಮಹಾದ್ವಾರದಲ್ಲಿ, ಕಂಬದ ಬದಲು ನಿಲ್ಲಿಸಿದ ಇಬ್ಬರು ಸ್ತ್ರೀಯರಲ್ಲಿ ಆಕೆ ಒಬ್ಬಳು. ದೇವಿಯ ಪೂಜಾವಸ್ತುಗಳ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವಳು. ಕ್ಲಾರ್ಕನು ದೇವಿಯೆಂದು ತಿಳಿದೇ ಒಯ್ದನು. ರೈತರು ದೇವಿಯೆಂದು ತಿಳಿದೇ ಬಿಡಲೊಲ್ಲದೆ ಹೋದರು. ಇಬ್ಬರೂ ತಪ್ಪಿದರೆನ್ನುವುದು ಸುಲಭ. ಆದರೆ ಹದಿನಾಲ್ಕು ನೂರು ವರ್ಷಗಳ ನಿಷೇಧವನ್ನು ಮೀರಿ ದೀಪ ಹಚ್ಚುತ್ತ ಬಂದವರ ತಪ್ಪನ್ನೂ, ದೂರದರ್ಶಕ ಕೊಟ್ಟು ಪಡೆದವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬಾರದು.

ವಿಗ್ರಹವೀಗ ಕೇಂಬ್ರಿಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ. ಮುಖ ಸವೆದು ಗುರುತು ಸಿಗದು. ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಕೊರೆದ ತೆನೆಗಳನ್ನು ಮಾತ್ರ ಇನ್ನೂ ಗುರುತಿಸಬಹುದು. ಜೋಡಿಯ ಇನ್ನೊಬ್ಬಳು ಎಲ್ಯೂಸಿಸಿನ ಸಂಗ್ರಹಾಲಯದಲ್ಲಿಯೇ ಇದ್ದಾಳೆ. ಎಲ್ಯೂಸಿಸ್ ಇಂದು ಎಣ್ಣೆ ಶುದ್ಧೀಕರಣದ ಕಾರ್ಖಾನೆಯೂ ಹಡಗುಕಟ್ಟೆಯೂ ಇರುವ ಊರು. 2023ರಲ್ಲಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಎಂಬ ಬಿರುದೂ ಅದಕ್ಕೆ ದೊರೆಯಿತು.