ವಂತಿಗೆ ಕೊಟ್ಟವರ ಬಾಗಿಲು

1816ರ ಮೇ 14ರಂದು ಕಲ್ಕತ್ತದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಎಡ್ವರ್ಡ್ ಹೈಡ್ ಈಸ್ಟ್ ಅವರ ಮನೆಯಲ್ಲಿ ಒಂದು ಸಭೆ ಸೇರಿತು. ನಗರದ ಐವತ್ತಕ್ಕೂ ಹೆಚ್ಚು ಗಣ್ಯ ಹಿಂದೂಗಳು ಬಂದಿದ್ದರು. ಅವರಲ್ಲಿ ಪಂಡಿತರೂ ಇದ್ದರು. ತಮ್ಮ ಮಕ್ಕಳಿಗೆ ಇಂಗ್ಲಿಷನ್ನೂ ಯುರೋಪಿನ ವಿಜ್ಞಾನವನ್ನೂ ಕಲಿಸುವ ಒಂದು ವಿದ್ಯಾಸಂಸ್ಥೆ ಬೇಕು, ಅದಕ್ಕೆ ಬೇಕಾದ ಹಣವನ್ನು ತಾವೇ ಕೂಡಿಸುತ್ತೇವೆ ಎಂಬುದು ಅವರ ನಿಲುವಾಗಿತ್ತು. ಮುಂದಿನ ವರ್ಷ ಜನವರಿ 20ರಂದು ಚಿತ್ಪುರ ರಸ್ತೆಯ ಗೋರಾಚಾಂದ್ ಬಸಾಕ್ ಅವರ ಮನೆಯಲ್ಲಿ, 20 ವಿದ್ಯಾರ್ಥಿಗಳೊಂದಿಗೆ ಹಿಂದೂ ಕಾಲೇಜು ಶುರುವಾಯಿತು. ಕಾಲೇಜು ಎಂಬ ಹೆಸರಿದ್ದರೂ ಅಲ್ಲಿ ಎಳೆಯ ಹುಡುಗರ ಪಾಠಶಾಲೆಯೂ ಸೇರಿತ್ತು. ಕೂಡಿದ ವಂತಿಗೆ 1,13,179 ರೂಪಾಯಿ. ಕಂಪನಿ ಸರ್ಕಾರ ಇದಕ್ಕೆ ಹಣ ಹಾಕಿರಲಿಲ್ಲ.

ವಸಾಹತುಶಾಹಿ ಕಾಲದ ಶಿಕ್ಷಣದ ಬಗ್ಗೆ ಓದುವಾಗ ಈ ಘಟನೆ ನಮಗೆ ಎದುರಾಗುವುದು ಹೆಚ್ಚಾಗಿ ಒಂದು ಹೆಮ್ಮೆಯ ಕಥೆಯಾಗಿ. ಆಳುವವರ ಕೈ ಕಾಯದೆ ಭಾರತೀಯರು ತಾವೇ ಹಣ ಕೂಡಿಸಿ ಆಧುನಿಕ ವಿದ್ಯೆಯನ್ನು ತಂದುಕೊಂಡರು ಎಂಬ ಕಥೆ ಅದು. ಅದು ಸುಳ್ಳಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಶಾಲೆಗಳ ಬಗ್ಗೆ ಪಿಎಚ್.ಡಿ. ಸಂಶೋಧನೆ ಮಾಡುತ್ತಿರುವ ನನಗೆ, ದಾನಿಗಳ ಪಟ್ಟಿಗಿಂತ ಪ್ರವೇಶದ ನಿಯಮವೇ ಹೆಚ್ಚು ಮಾತನಾಡುತ್ತದೆ ಅನಿಸಿದೆ. ಹಿಂದೂ ಕಾಲೇಜಿನ ನಿಯಮಾವಳಿಯ ಪ್ರಕಾರ ಸಂಸ್ಥೆ ಇರುವುದು 'ಮರ್ಯಾದಸ್ಥ' ಹಿಂದೂಗಳ ಗಂಡುಮಕ್ಕಳಿಗಾಗಿ. ಮರ್ಯಾದಸ್ಥರು ಯಾರು ಎಂದು ತೀರ್ಮಾನಿಸುವವರು ಹಣ ಕೊಟ್ಟವರು.

ಈ ತೀರ್ಮಾನ ವಿದ್ಯಾರ್ಥಿಗಳಿಗಿಂತ ಮೊದಲು ಅನ್ವಯವಾದದ್ದು ಒಬ್ಬ ದಾನಿಗೆ. ರಾಮಮೋಹನ ರಾಯರು ಇಂಥದೊಂದು ಸಂಸ್ಥೆ ಬೇಕೆಂದು ಬಯಸಿದವರಲ್ಲಿ ಒಬ್ಬರು. ಆದರೆ ಅವರಿಂದ ವಂತಿಗೆ ಪಡೆಯಕೂಡದು ಎಂದು ಸಂಪ್ರದಾಯಸ್ಥರು ಪಟ್ಟುಹಿಡಿದರು. ವಿಗ್ರಹಾರಾಧನೆಯನ್ನು ಟೀಕಿಸಿ ಸಮಾಜದಿಂದ ದೂರವಾದ ಮನುಷ್ಯನ ಹಣ ತಮಗೆ ಬೇಡ ಎಂಬುದು ಅವರ ವಾದ ಎಂದು ಹೈಡ್ ಈಸ್ಟ್ ಅವರೇ ಬರೆದಿಟ್ಟಿದ್ದಾರೆ. ಶಾಲೆಗೆ ತೊಡಕಾಗದಿರಲಿ ಎಂದು ರಾಯರು ಹಿಂದೆ ಸರಿದರು. ಹಣಕ್ಕೂ ಮಡಿ-ಮೈಲಿಗೆ ಇತ್ತು.

ವಂತಿಗೆ ಎಂಬುದು ಇಲ್ಲಿ ಬರೀ ಧರ್ಮಕಾರ್ಯವಾಗಿರಲಿಲ್ಲ. ಬರ್ದ್ವಾನಿನ ಮಹಾರಾಜ ತೇಜಚಂದ್ರ ಮತ್ತು ಗೋಪಿಮೋಹನ ಟ್ಯಾಗೋರ್ ತಲಾ ಹತ್ತು ಸಾವಿರ ರೂಪಾಯಿ ಕೊಟ್ಟು ಗವರ್ನರುಗಳಾದರು; ಆ ಸ್ಥಾನ ವಂಶಪಾರಂಪರ್ಯವಾಗಿ ಬರುವಂಥದ್ದು. ದೇವಸ್ಥಾನಕ್ಕೆ ದತ್ತಿ ಬಿಟ್ಟ ಮನೆತನಕ್ಕೆ ಮೊದಲ ತೀರ್ಥದ ಹಕ್ಕು ಬರುತ್ತದಲ್ಲ, ಹಾಗೆ ಶಾಲೆಗೆ ಹಣ ಕೊಟ್ಟ ಮನೆತನಕ್ಕೆ ಬಾಗಿಲು ಕಾಯುವ ಹಕ್ಕು ಬಂತು.

ಆ ಬಾಗಿಲು ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಎರಡು ಹೆಸರುಗಳಿವೆ. ಮೊದಲನೆಯದು ಕವಿ ಹೆನ್ರಿ ಡಿರೋಜಿಯೊ. 1826ರಲ್ಲಿ, ಹದಿಹರೆಯದಲ್ಲೇ ಅವನು ಈ ಕಾಲೇಜಿನ ಶಿಕ್ಷಕನಾದ. ಅವನು ಯುರೇಷಿಯನ್ ಕ್ರೈಸ್ತ ಮನೆತನದವನು. ಅಂದರೆ ಆ ಮನೆತನದ ಹುಡುಗ ಅಲ್ಲಿ ಪಾಠ ಹೇಳಬಹುದಿತ್ತು, ಬೆಂಚಿನ ಮೇಲೆ ಕೂತು ಪಾಠ ಕೇಳುವಂತಿರಲಿಲ್ಲ. ಅವನ ಶಿಷ್ಯರು ಎಲ್ಲವನ್ನೂ ಪ್ರಶ್ನಿಸತೊಡಗಿದಾಗ ಗಾಬರಿಗೊಂಡ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋಗಲಾರಂಭಿಸಿದರು. 1831ರ ಏಪ್ರಿಲ್ 23ರಂದು ಆಡಳಿತ ಮಂಡಳಿ ಸಭೆ ಸೇರಿ ಅವನನ್ನು ತೆಗೆಯಲು ನಿರ್ಧರಿಸಿತು. ಆ ಸಭೆಯಲ್ಲಿದ್ದ ಡೇವಿಡ್ ಹೇರ್ ಮತ್ತು ಹೊರೇಸ್ ವಿಲ್ಸನ್ ಮತ ಹಾಕಲಿಲ್ಲ. ಪ್ರಶ್ನೆ ಹಿಂದೂ ಸಮಾಜದ ಭಾವನೆಗೆ ಮಾತ್ರ ಸಂಬಂಧಪಟ್ಟದ್ದು, ಅದರಲ್ಲಿ ತಾವು ಅಭಿಪ್ರಾಯ ಹೇಳುವುದಿಲ್ಲ ಎಂದು ಅವರು ದೂರ ಉಳಿದರು. ಡಿರೋಜಿಯೊ ರಾಜೀನಾಮೆ ಕೊಟ್ಟ. ಅದೇ ವರ್ಷದ ಕೊನೆಗೆ, 22ನೆಯ ವಯಸ್ಸಿನಲ್ಲಿ ತೀರಿಕೊಂಡ.

ಎರಡನೆಯ ಹೆಸರು ಮಧುಸೂದನ ದತ್ತ. ಬಂಗಾಳಿ ಕಾವ್ಯದ ದಿಕ್ಕನ್ನೇ ಬದಲಿಸಿದ ಈ ಕವಿ ಹಿಂದೂ ಕಾಲೇಜಿನ ವಿದ್ಯಾರ್ಥಿ. 1843ರ ಫೆಬ್ರುವರಿಯಲ್ಲಿ ಅವನು ಕ್ರೈಸ್ತ ಧರ್ಮಕ್ಕೆ ಸೇರಿದ. ಅದರೊಂದಿಗೆ ಆ ಕಾಲೇಜಿನ ಬಾಗಿಲೂ ಮುಚ್ಚಿತು. ಮುಂದೆ ಬಿಷಪ್ಸ್ ಕಾಲೇಜಿಗೆ ಹೋಗಬೇಕಾಯಿತು. ಹುಡುಗ ಅವನೇ, ಬುದ್ಧಿ ಅದೇ. 'ನಮ್ಮ ಮಕ್ಕಳು' ಎಂಬ ಪಟ್ಟಿಯಿಂದ ಹೆಸರು ಮಾತ್ರ ಹೊರಬಿದ್ದಿತ್ತು.

ದಾನಿಗಳ ಈ ಹಿಡಿತ ಸಡಿಲವಾದದ್ದು ಮನಸ್ಸು ಬದಲಾದ್ದರಿಂದಲ್ಲ, ಹಣ ಕರಗಿದ್ದರಿಂದ. ಮೂಲಧನವನ್ನು ಇಟ್ಟಿದ್ದ ಬ್ಯಾರೆಟೊ ಎಂಬ ವ್ಯಾಪಾರಿ ಸಂಸ್ಥೆ 1820ರ ದಶಕದಲ್ಲಿ ದಿವಾಳಿಯಾಗಿ, ಅದರ ಬಹುಪಾಲು ಮುಳುಗಿಹೋಯಿತು. ಮಂಡಳಿ ಸರ್ಕಾರದ ನೆರವು ಕೇಳಿತು. ನೆರವಿನ ಜೊತೆಗೆ ಸರ್ಕಾರದ ಪರವಾಗಿ ಮೇಲ್ವಿಚಾರಕರಾಗಿ ವಿಲ್ಸನ್ ಬಂದರು. ಅಲ್ಲಿಂದ ಮುಂದೆ ಖರ್ಚಿನಲ್ಲಿ ಸರ್ಕಾರದ ಪಾಲು ಏರುತ್ತ ಹೋದರೂ ಪ್ರವೇಶದ ನಿಯಮ ಮಾತ್ರ ಹಳೆಯದೇ ಉಳಿಯಿತು.

ಜಗಳ ಬಹಿರಂಗವಾದದ್ದು 1853ರಲ್ಲಿ. ಹೀರಾ ಬುಲ್‌ಬುಲ್ ಎಂಬ ಗಣಿಕೆಯ ಮಗನಿಗೆ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು. ನಗರದ ದೊಡ್ಡ ಮನೆತನಗಳು ಕೆರಳಿದವು. ಅದೇ ವರ್ಷ ರಾಜೇಂದ್ರ ದತ್ತ, ರಾಧಾಕಾಂತ ದೇವ್ ಮೊದಲಾದವರು ಸೇರಿ ಹಿಂದೂ ಮೆಟ್ರೊಪಾಲಿಟನ್ ಕಾಲೇಜು ಎಂಬ ಪ್ರತಿಸ್ಪರ್ಧಿ ಸಂಸ್ಥೆ ತೆರೆದರು. ಹಳೆಯ ಬಾಗಿಲು ತುಸು ತೆರೆದಾಗ ಅವರು ಮಾಡಿದ್ದು ಹೊಸ ವಂತಿಗೆ ಎತ್ತಿ ಹೊಸ ಬಾಗಿಲು ಹಾಕಿಕೊಂಡದ್ದು. 1855ರಲ್ಲಿ ಸರ್ಕಾರ ಹಿಂದೂ ಕಾಲೇಜಿನ ಮೇಲ್ತರಗತಿಗಳನ್ನು ಪ್ರೆಸಿಡೆನ್ಸಿ ಕಾಲೇಜಾಗಿಸಿ ಎಲ್ಲ ಸಮುದಾಯಗಳಿಗೂ ತೆರೆಯಿತು. ಕೆಳತರಗತಿಗಳು ಹಿಂದೂ ಸ್ಕೂಲ್ ಆಗಿ, ಹಿಂದೂ ಹುಡುಗರಿಗೆ ಮಾತ್ರ ಎಂಬಂತೆ ಮುಂದುವರಿದವು.

ಹಾಗಾದರೆ ದಾನಿಗಳ ಶಾಲೆ ಮುಚ್ಚಿದ್ದು, ಸರ್ಕಾರದ ಶಾಲೆ ತೆರೆದದ್ದು ಎಂದು ಎರಡು ಕಂಬ ನೆಟ್ಟು ಬಿಡಬಹುದೇ? ಆಗದು. ಅದೇ ಕಲ್ಕತ್ತದಲ್ಲಿ 1824ರಿಂದ ಸರ್ಕಾರವೇ ನಡೆಸುತ್ತಿದ್ದ ಸಂಸ್ಕೃತ ಕಾಲೇಜಿಗೆ ಬ್ರಾಹ್ಮಣರು ಮತ್ತು ವೈದ್ಯ ಜಾತಿಯವರಿಗಷ್ಟೇ ಪ್ರವೇಶವಿತ್ತು. ಈಶ್ವರಚಂದ್ರ ವಿದ್ಯಾಸಾಗರರು ಪ್ರಾಂಶುಪಾಲರಾದ ಮೇಲೆ, 1851ರಲ್ಲಿ ಕಾಯಸ್ಥರಿಗೆ ಅವಕಾಶವಾಯಿತು. ಉಳಿದ 'ಮರ್ಯಾದಸ್ಥ' ಜಾತಿಗಳಿಗೆ ಬಾಗಿಲು ತೆರೆದದ್ದು 1854ರಲ್ಲಿ. ಬೊಕ್ಕಸದ ಹಣವೂ ಜಾತಿ ನೋಡಿಯೇ ಕಲಿಸುತ್ತಿತ್ತು.

ಈ ಕಥೆ ನಮ್ಮ ಊರಿಗೆ ಬರುವುದು ಇಲ್ಲಿಂದ ಮುಂದೆ. 1856ರ ಜೂನ್‌ನಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಿಂದ ಒಂದು ಅರ್ಜಿ ಮುಂಬಯಿ ಸರ್ಕಾರಕ್ಕೆ ಹೋಯಿತು. ಅರ್ಜಿದಾರ ಒಬ್ಬ ಮಹಾರ್ ಹುಡುಗ. ಎಲ್ಲರಂತೆ ಫೀಸು ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಜುಲೈ 21ರ ನಿರ್ಣಯದಲ್ಲಿ ಸರ್ಕಾರ ನ್ಯಾಯ ಅವನ ಕಡೆಗಿದೆ ಎಂದು ಒಪ್ಪಿಕೊಂಡಿತು. ಬೆನ್ನಲ್ಲೇ, ಹೀಗೆ ಕೇಳಿಬಂದವನು ಅವನೊಬ್ಬನೇ, ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಡುವಂತೆ ಮಾಡುವುದು ಸರಿಯಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿತು. ಇಲ್ಲಿ ವಂತಿಗೆದಾರರ ಮಂಡಳಿ ಇರಲಿಲ್ಲ, ವಂಶಪಾರಂಪರ್ಯದ ಗವರ್ನರುಗಳೂ ಇರಲಿಲ್ಲ. ಆದರೂ ಮೇಲ್ಜಾತಿಯವರು ಮಕ್ಕಳನ್ನು ಬಿಡಿಸಿಕೊಂಡಾರು ಎಂಬ ಭಯ, ಡಿರೋಜಿಯೊನನ್ನು ಹೊರಹಾಕಿದ ಅದೇ ಭಯ, ಸರ್ಕಾರದ ಕೈಯನ್ನೂ ಕಟ್ಟಿತ್ತು.

ವಿಷಯ ಕಲ್ಕತ್ತಕ್ಕೆ ಹೋಯಿತು. 1857ರ ಜನವರಿಯಲ್ಲಿ ಭಾರತ ಸರ್ಕಾರ ಬರೆದ ಉತ್ತರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮುಂಬಯಿಯ ನಿರ್ಧಾರವನ್ನು ಒಪ್ಪಿಕೊಳ್ಳುತ್ತಲೇ, ಬಂಗಾಳದ ಯಾವ ಸರ್ಕಾರಿ ಶಾಲೆಯಲ್ಲೂ ಪ್ರಾಯಶಃ ಈ ಹುಡುಗನನ್ನು ನಿರಾಕರಿಸುತ್ತಿರಲಿಲ್ಲ ಎನ್ನುತ್ತದೆ ಅದು. ಈ ಸಾಲು ಹೊರಟದ್ದು ಯಾವ ನಗರದಿಂದ? ಎರಡು ವರ್ಷದ ಹಿಂದಿನವರೆಗೂ ಪ್ರಮುಖ ಕಾಲೇಜು ಹಿಂದೂಗಳಲ್ಲದವರಿಗೆ ಮುಚ್ಚಿದ್ದ, ಸಂಸ್ಕೃತ ಕಾಲೇಜು ಆಗಲೂ 'ಮರ್ಯಾದಸ್ಥ' ಜಾತಿಗಳಾಚೆ ಹೋಗಿರದ ನಗರದಿಂದ.

ಆದರೂ ಆ ಅರ್ಜಿ ವ್ಯರ್ಥವಾಗಲಿಲ್ಲ. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು ಎಂದು ಸ್ಪಷ್ಟಪಡಿಸಿದರು. ಮುಂಬಯಿ ಸರ್ಕಾರ ಒಂದು ನಿಯಮ ಮಾಡಿತು: ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರಬೇಕು, ಭಾಗಶಃ ಅನುದಾನ ಪಡೆಯುವ ಶಾಲೆ ಜಾತಿ ಅಥವಾ ಜನಾಂಗದ ಕಾರಣಕ್ಕೆ ಯಾರನ್ನಾದರೂ ಹೊರಗಿಟ್ಟರೆ ಅನುದಾನ ನಿಲ್ಲಿಸುವ ಹಕ್ಕು ಸರ್ಕಾರಕ್ಕಿರುತ್ತದೆ. 1854ರ ವುಡ್ ಶಿಕ್ಷಣ ಪತ್ರದ ನಂತರ ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ಹರಡುತ್ತಿದ್ದ ಕಾಲವದು. ಹಾಗಾಗಿ ಎರಡನೆಯ ಮಾತು ದಾನಿಗಳಿಗೂ ತಾಗುವಂಥದ್ದು. ಆದರೆ ನಿಯಮವೇ ಬೇರೆ, ನಡಾವಳಿಯೇ ಬೇರೆ. 1882ರ ಹಂಟರ್ ಆಯೋಗ ಈ ತತ್ವವನ್ನು ಎತ್ತಿಹಿಡಿದರೂ ಎಚ್ಚರಿಕೆಯಿಂದ ಜಾರಿಗೊಳಿಸಿ ಎಂಬ ಮಾತನ್ನು ಸೇರಿಸಿತು. ಆ ಎಚ್ಚರಿಕೆಯ ಅರ್ಥ ಎಷ್ಟೋ ಊರುಗಳಲ್ಲಿ ಜಗುಲಿಯಾಗಿತ್ತು. ಕೆಲವು ಮಕ್ಕಳು ಒಳಗೆ, ಕೆಲವು ಮಕ್ಕಳು ಹೊರಗೆ.

1928ರಲ್ಲಿ ಸೈಮನ್ ಆಯೋಗಕ್ಕೆ ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣದ ಸ್ಥಿತಿಯನ್ನು ವಿವರಿಸಿ ಬರೆದ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಧಾರವಾಡದ ಅರ್ಜಿಯನ್ನು ಮತ್ತೆ ಮುಂದಿಟ್ಟರು. ಎಪ್ಪತ್ತೆರಡು ವರ್ಷಗಳ ನಂತರವೂ ಆ ಪ್ರಶ್ನೆ ಹಳೆಯದಾಗಿರಲಿಲ್ಲ.

ಶಾಲೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಶಿಲಾಫಲಕದಿಂದ ಓದಲು ಶುರುಮಾಡುತ್ತೇವೆ. ಯಾರು ಎಷ್ಟು ಕೊಟ್ಟರು ಎಂಬುದು ಅಲ್ಲಿ ರೂಪಾಯಿ ಲೆಕ್ಕದಲ್ಲಿ ಸಿಗುತ್ತದೆ. ತೇಜಚಂದ್ರರ ಹತ್ತು ಸಾವಿರ ನಮಗೆ ಗೊತ್ತು. ಧಾರವಾಡದ ಹುಡುಗನೂ ಫೀಸು ಕೊಡುತ್ತೇನೆ ಎಂದಿದ್ದ. ರಾಯರ ವಂತಿಗೆಯಂತೆ ಅವನ ಆ ಚಿಕ್ಕ ಮೊತ್ತವನ್ನೂ ಯಾರೂ ಮುಟ್ಟಲಿಲ್ಲ. ಶಿಕ್ಷಣ ವರದಿಗಳಲ್ಲಿ ಅವನು ಬರೀ 'ಮಹಾರ್ ಹುಡುಗ'. ಆದರೆ ಎಲ್ಲರಿಗೂ ತೆರೆದಿರಬೇಕು ಎಂಬ ಮಾತನ್ನು ಸರ್ಕಾರದ ಕಾಗದದ ಮೇಲೆ ಬರೆಸಿದ್ದು ಯಾವ ಮಹಾರಾಜನ ದೇಣಿಗೆಯೂ ಅಲ್ಲ, ತಿರಸ್ಕೃತವಾದ ಆ ಅರ್ಜಿ. ಸಾರ್ವಜನಿಕ ಶಾಲೆಯನ್ನು ಕಟ್ಟಿದವರ ಪಟ್ಟಿ ಬರೆಯುವುದಾದರೆ ಅವನನ್ನೂ ಅದರಲ್ಲಿ ಸೇರಿಸಬೇಕು.