ಗಿಡ ಕಡಿಯುವ ಮಷಿನ್ ನಮ್ಮೂರಿಗೆ ಬಂದ ದಾರಿ

ಬೇಸಿಗೆಯಲ್ಲಿ ಮುಧೋಳದಿಂದ ಜಮಖಂಡಿ ಕಡೆ ಹೊರಟರೆ ಕಬ್ಬಿನ ಪಡದ ಆಚೆಯಿಂದ ಬೈಕಿನ ಸೈಲೆನ್ಸರ್ ಕಿತ್ತಂಥ ಸಪ್ಪಳ ಕೇಳುತ್ತದೆ. ಯಾರದೋ ಬದುವಿನ ಮೇಲಿನ ಬೇವೋ ಜಾಲಿಯೋ ಇಳಿಯುತ್ತಿದೆ ಎಂದು ಅರ್ಥ. ನಮ್ಮ ಕಡೆ ಚೈನ್ ಸಾ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, 'ಗಿಡ ಕಡಿಯೋ ಮಷಿನ್' ಅನ್ನಬೇಕು. ಹಿಂದೆ ಇಬ್ಬರು ದಿನವಿಡೀ ಕಡಿಯುತ್ತಿದ್ದ ಗಿಡವನ್ನು ಅದು ಅರ್ಧ ತಾಸಿನಲ್ಲಿ ಮಲಗಿಸುತ್ತದೆ. ಹೋದ ವರ್ಷ ನಮ್ಮ ಪರಿಚಯದ ಹುಡುಗನೊಬ್ಬನ ತೊಡೆಯನ್ನೂ ಅಷ್ಟೇ ಸಲೀಸಾಗಿ ಸೀಳಿತು. ಬಾಡಿಗೆ ಮಷಿನ್, ಕಲಿತದ್ದು ಮೊಬೈಲ್ ನೋಡಿ, ಉಟ್ಟಿದ್ದು ಲುಂಗಿ. ಅವನನ್ನು ನೋಡಿಬಂದ ಮೇಲೆ ಈ ಮಷಿನ್ ಎಲ್ಲಿಂದ ಬಂತು, ಬರುವಾಗ ಏನನ್ನು ಬಿಟ್ಟು ಬಂತು ಎಂದು ಹುಡುಕಲು ಕುಳಿತೆವು.

ಮೊದಲು ಕೊಡಲಿ. 1857ರಲ್ಲಿ ಇಂಗ್ಲಿಷರು ಹತಾರಗಳನ್ನು ಒಪ್ಪಿಸಿರಿ ಎಂದು ಕಾಯ್ದೆ ತಂದಾಗ ತಿರುಗಿಬಿದ್ದ ಹಲಗಲಿ ಇರುವುದು ಇದೇ ಮುಧೋಳ ತಾಲ್ಲೂಕಿನಲ್ಲಿ. ಹಲಗಲಿ ಬೇಡರ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರು. ದಂಡು ಊರನ್ನು ಲೂಟಿ ಮಾಡಿದಾಗ ಏನೇನು ಹೋಯಿತು ಎಂಬ ಪಟ್ಟಿಯಲ್ಲಿ ಬೆಣ್ಣೆ, ಬೆಲ್ಲದ ಜೊತೆಗೆ ಕೊಡಲಿಯೂ ಬರುತ್ತದೆ. ಮನೆಗೊಂದು ಕೊಡಲಿ ಇದ್ದ ಕಾಲ ಅದು.

ಕೊಡಲಿ ಎಲ್ಲರ ಕೈಯಲ್ಲಿದ್ದರೂ ಗರಗಸ ಹಾಗಲ್ಲ, ಅದು ಬಡಿಗೇರರದು. ಬಂಡಿಯ ಗಾಲಿ, ನೇಗಿಲು, ಕುಂಟಿ, ಕೂರಿಗೆ, ಬನಹಟ್ಟಿ ರಬಕವಿಯ ಮಗ್ಗದ ಚೌಕಟ್ಟು, ಗಾಣದ ತೊಲೆ ಎಲ್ಲವೂ ಅವರ ಕೈಯಿಂದಲೇ ಆಗಬೇಕಿತ್ತು. ಅದಕ್ಕೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ದೊಡ್ಡ ದಿಮ್ಮಿ ಸೀಳುವಾಗ ಒಬ್ಬ ಮೇಲೆ, ಒಬ್ಬ ಕೆಳಗೆ. ಕೆಳಗಿದ್ದವನ ಕಣ್ಣು ತುಂಬ ಹೊಟ್ಟು. ಮಗ ಹತ್ತಾರು ವರ್ಷ ತಂದೆಯ ಎದುರು ನಿಂತು ಎಳೆದ ಮೇಲೆಯೇ ಅವನ ಕೈಗೆ ಅರ ಸಿಗುತ್ತಿತ್ತು, ಅಂದರೆ ಹಲ್ಲು ಮಸೆಯುವ ಕೆಲಸ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಬೇಕು, ಇಲ್ಲದಿದ್ದರೆ ಗರಗಸ ಕಟ್ಟಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಷಿನ್‌ನ ಚೈನ್ ತಿರುಗಿಸಿ ನೋಡಿ, ಅಲ್ಲೂ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ.

ಆಮೇಲೆ ನೀರು ಬಂತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಕೂಡಿ ಕೃಷ್ಣೆಗೆ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದರು, ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಜೋಳದ ಹೊಲ ಕಬ್ಬಿನ ಪಡವಾದ ಕಡೆ ನೆರಳು ಕೊಡುವ ಬದುವಿನ ಗಿಡ ಶತ್ರುವಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಜಾಲಿಯ ಗಾಲಿ ಯಾರಿಗೂ ಬೇಡವಾಯಿತು. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರು ಏರಿದಾಗ ಜನ ಮನೆಯ ತೊಲೆ, ಬಾಗಿಲು ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಹೊರಟರು. ಕಡಿಯುವ ಕೆಲಸ ಹೆಚ್ಚಾಯಿತು, ಕಡಿಯುವುದನ್ನು ಬಲ್ಲವರು ಕಡಿಮೆಯಾದರು. ಮಷಿನ್ ಬಂದು ನಿಂತದ್ದು ಈ ಸಂದಿನಲ್ಲಿ.

ಚೈನ್‌ಗೆ ಹಲ್ಲು ಕೂಡಿಸುವ ಯೋಚನೆ ಹುಟ್ಟಿದ್ದು ಕಾಡಿನಲ್ಲಲ್ಲ, ದವಾಖಾನೆಯಲ್ಲಿ. 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಎಲುಬು ಕೊಯ್ಯಲು ಹಲ್ಲಿನ ಸರಪಳಿ ಬಳಸಿದರು. ಹೆರಿಗೆ ಕಷ್ಟವಾದಾಗ ಬಸುರಿಯ ಕಟಿಯ ಕೀಲು ಬಿಡಿಸಲಿಕ್ಕೂ ಅದೇ ಸರಪಳಿ. 1830ರ ಸುಮಾರಿಗೆ ಜರ್ಮನಿಯ ಬರ್ನಾರ್ಡ್ ಹೈನೆ ಅದನ್ನು ಹಿಡಿಕೆ ತಿರುಗಿಸಿ ಓಡಿಸುವ ಉಪಕರಣವಾಗಿಸಿದ. ಎಲುಬು ಕೊಯ್ಯಲೆಂದೇ ಹುಟ್ಟಿದ ಸಾಧನ ತೊಡೆಗೆ ತಾಗಿದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ಗಿಡಕ್ಕೆ ಬಂದದ್ದು ನೂರು ವರ್ಷದ ನಂತರ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಕರೆಂಟಿನ ಚೈನ್ ಸಾ ಮಾಡಿದರು. ತೂಕ 48 ಕೆ.ಜಿ., ಹಿಡಿಯಲು ಇಬ್ಬರು ಬೇಕು, ನಮ್ಮ ಗರಗಸದ ಹಾಗೆಯೇ. 1929ರಲ್ಲಿ ಪೆಟ್ರೋಲ್ ಮಷಿನ್ ಬಂತು. ಒಬ್ಬನೇ ಹಿಡಿಯುವಂಥದ್ದನ್ನು ಆ ಕಂಪನಿ 1950ರಲ್ಲಿ ಮಾಡಿತು. ಇದಕ್ಕೂ ಮುಂಚೆ, 1946ರಲ್ಲಿ, ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬಾತ ಕೊರಡೊಳಗೆ ಒಂದು ಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸಿ ಕೊರೆಯುವುದನ್ನು ಕುಳಿತು ನೋಡಿದ. ಆ ದವಡೆಯ ಆಕಾರವನ್ನೇ ಹಲ್ಲಿಗೆ ಕೊಟ್ಟು ಮರುವರ್ಷ ಚೈನ್ ಮಾರಲು ಶುರುಮಾಡಿದ. ಇವತ್ತಿನ ಚೈನ್‌ಗಳೆಲ್ಲ ಹೆಚ್ಚುಕಡಿಮೆ ಆ ಹುಳುವಿನ ಸಂತಾನ.

ವೇಗ ಮೊದಲು ಬಂತು, ರಕ್ಷಣೆ ಬಹಳ ತಡವಾಗಿ. ವರ್ಷಗಟ್ಟಲೆ ನಡುಗುವ ಹಿಡಿಕೆ ಹಿಡಿದವರ ಬೆರಳು ಬಿಳಿಚಿ ಮರಗಟ್ಟುವ ರೋಗ ಕಾಣಿಸಿಕೊಂಡಿತು. ಹಿಡಿಕೆಗೂ ಎಂಜಿನ್‌ಗೂ ನಡುವೆ ನಡುಕ ತಡೆಯುವ ರಬ್ಬರ್ ಬಂದದ್ದು 1960ರ ದಶಕದಲ್ಲಿ. ಚೈನ್ ಬ್ರೇಕ್ ಬಂದದ್ದು 1970ರ ದಶಕದ ಆರಂಭದಲ್ಲಿ. ಎದುರಿನ ಹಿಡಿಕೆಯ ಮುಂದೆ ನಿಂತಿರುವ ಪ್ಲಾಸ್ಟಿಕ್ ಪಟ್ಟಿಯೇ ಅದರ ಕೀಲಿ. ಕೆಲವರು ಅಡ್ಡ ಬರುತ್ತದೆ ಎಂದು ಅದನ್ನೇ ಕಿತ್ತಿಟ್ಟಿರುತ್ತಾರೆ! ಬಾರ್‌ನ ತುದಿಯ ಮೇಲರ್ಧ ಕಟ್ಟಿಗೆಗೆ ತಾಗಿದರೆ ಮಷಿನ್ ಕಣ್ಣು ಪಿಳುಕಿಸುವುದರೊಳಗೆ ಹಿಡಿದವನ ಮುಖದ ಕಡೆಗೆ ಜಿಗಿಯುತ್ತದೆ. ಆಗ ಮುಂಗೈ ಆ ಪಟ್ಟಿಗೆ ತಾಗಿಯೋ, ಜಿಗಿತದ ರಭಸಕ್ಕೋ ಚೈನ್ ನಿಲ್ಲಬೇಕು. ಎಡಗೈ ಹೆಬ್ಬೆರಳು ಹಿಡಿಕೆಯನ್ನು ಸುತ್ತಿರಬೇಕು ಅನ್ನುವುದೂ, ಮಷಿನ್ ಭುಜಕ್ಕಿಂತ ಮೇಲೆ ಹೋಗಬಾರದು ಅನ್ನುವುದೂ ಇದಕ್ಕಾಗಿಯೇ. ಏಣಿ ಹತ್ತಿ ಟೊಂಗೆ ಕೊಯ್ಯುವವರನ್ನು ಕಂಡರೆ ನಮಗೆ ಕೈಕಾಲು ತಣ್ಣಗಾಗುತ್ತದೆ.

ಹಳೆಯ ಕೊಡಲಿಯವರು ಗಿಡ ಬೀಳಬೇಕಾದ ಕಡೆ ಮೊದಲು 'ಬಾಯಿ' ತೆಗೆಯುತ್ತಿದ್ದರು. ಮಷಿನ್‌ಗೂ ಅದೇ ಲೆಕ್ಕ. ಬೀಳುವ ಕಡೆ ಬೊಡ್ಡೆಯ ಕಾಲು ಭಾಗದಷ್ಟು ಬಾಯಿ, ಆಮೇಲೆ ಹಿಂದಿನಿಂದ, ತುಸು ಮೇಲಿಂದ ಕೊಯ್ತ. ನಡುವೆ ಬೊಡ್ಡೆಯ ಹತ್ತನೇ ಒಂದು ಪಾಲು ಕೊಯ್ಯದೆ ಉಳಿಸಬೇಕು. ಅದು ಬಾಗಿಲಿನ ಕೀಲಿನಂತೆ ಗಿಡವನ್ನು ಹಿಡಿದು ಇಳಿಸುತ್ತದೆ. ಕೊಡಲಿ ನಿಧಾನ, ಗಿಡ ಚರಚರ ಅನ್ನುವುದು ಕೇಳುತ್ತಿತ್ತು. ಮಷಿನ್‌ನ ಗದ್ದಲದಲ್ಲಿ ಅದು ಕೇಳುವುದಿಲ್ಲ, ಕೀಲೂ ಕೊಯ್ದುಹೋಗಿ ಗಿಡ ಮನಸ್ಸಿಗೆ ಬಂದ ಕಡೆ ವಾಲುತ್ತದೆ. ತಪ್ಪಿಸಿಕೊಳ್ಳುವ ದಾರಿಯನ್ನು ಹಿಂಬದಿಗೆ, ಓರೆಯಾಗಿ, ಮೊದಲೇ ಸವರಿಟ್ಟಿರಬೇಕು. ಬಾವಿಯ ದಂಡೆಯ ಗಿಡಕ್ಕೆ, ಕರೆಂಟಿನ ತಂತಿಯ ಹತ್ತಿರದ ಗಿಡಕ್ಕೆ ಲೈನ್‌ಮನ್ ಬರುವವರೆಗೆ, ಹಗ್ಗ ಹಿಡಿಯುವವರು ಕೂಡುವವರೆಗೆ ಕೈ ಹಚ್ಚಬೇಡಿ.

ಮಷಿನ್ ಕೆಡುವುದೂ ಜನ ಗಾಯಗೊಳ್ಳುವುದೂ ಬೇರೆಬೇರೆ ಸುದ್ದಿಯಲ್ಲ. ಮೊಂಡು ಹಲ್ಲು ಒತ್ತಿ ಕೊಯ್ಯುವಂತೆ ಮಾಡುತ್ತದೆ, ಒತ್ತಿದವ ಜಾರುತ್ತಾನೆ. ಚಕ್ಕೆ ಉದುರಿದರೆ ಹಲ್ಲು ಚೂಪು, ಹಿಟ್ಟು ಉದುರಿದರೆ ಅರ ಹಾಕುವ ಹೊತ್ತು. ನಮ್ಮ ಜಾಲಿ ಕಬ್ಬಿಣದಂಥ ಕಟ್ಟಿಗೆ, ಹಲ್ಲು ಬೇಗ ಸಾಯುತ್ತದೆ. ಊರೊಳಗಿನ ಬೇವಿನಲ್ಲಿ ಯಾವ ಕಾಲದ ಮೊಳೆ, ಬೇಲಿ ತಂತಿ ಹೂತಿರುತ್ತದೋ ತಿಳಿಯದು, ಸುತ್ತ ನೋಡಿಯೇ ಬಾರ್ ಇಡಬೇಕು. ಚೈನ್ ಬಿಗಿ ಮಾಡುವುದು ತಣ್ಣಗಿದ್ದಾಗ: ಬಾರ್ ಕೆಳಗೆ ಜೋತಿರಬಾರದು, ಕೈಗವಸು ಹಾಕಿ ಎಳೆದರೆ ಸಲೀಸಾಗಿ ಓಡಬೇಕು. ಬಿಸಿಯಾದಾಗ ಬಿಗಿ ಮಾಡಿದ್ದು ಆರಿದ ಮೇಲೆ ಕುಗ್ಗಿ ಬಾರನ್ನೇ ಹಿಂಡುತ್ತದೆ. ಪೆಟ್ರೋಲ್‌ಗೆ ಟು ಸ್ಟ್ರೋಕ್ ಆಯಿಲ್ 50:1 ಅಂದರೆ ಲೀಟರ್‌ಗೆ 20 ಎಂ.ಎಲ್., ಕೆಲವು ಅಗ್ಗದ ಮಷಿನ್‌ಗೆ 25:1 ಅಂದರೆ 40. ಪುಸ್ತಕದಲ್ಲಿ ಇದ್ದಷ್ಟೇ ಹಾಕಬೇಕು. ಚೈನ್ ಆಯಿಲ್ ಬದಲು ಟ್ರ್ಯಾಕ್ಟರಿನ ಕರಿ ಎಣ್ಣೆ ಸುರಿಯುವ ಚಟ ನಮ್ಮಲ್ಲಿ ಬಹಳ. ಅದರೊಳಗಿನ ಕಬ್ಬಿಣದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ.

ಸುರಕ್ಷತೆಯ ಪ್ಯಾಂಟಿನೊಳಗೆ ಉದ್ದುದ್ದ ನಾರಿನ ಪದರು ಇರುತ್ತದೆ. ಚೈನ್ ತಾಗಿದೊಡನೆ ಆ ನಾರು ಕಿತ್ತುಬಂದು ಚಕ್ರಕ್ಕೆ ಸುತ್ತಿ ಮಷಿನ್ ನಿಲ್ಲಿಸುತ್ತದೆ. ಲುಂಗಿಯ ನೂಲೂ ಸುತ್ತಿಕೊಳ್ಳುತ್ತದೆ, ಆದರೆ ಮಷಿನ್ ನಿಲ್ಲುವುದಿಲ್ಲ, ಲುಂಗಿಯ ಜೊತೆ ಕಾಲನ್ನೂ ಎಳೆದುಕೊಳ್ಳುತ್ತದೆ. ಆ ಹುಡುಗನಿಗೆ ಆದದ್ದು ಅದೇ.

ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್‌ಗೆ. ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿದ ದಿನ ಬೀಳಗಿ, ಜಮಖಂಡಿ, ಮುಧೋಳದ ಹೊಳೆದಂಡೆಯಲ್ಲಿ ಗಿಡ ಕಡಿಯಲು ನೂರಾರು ಕೈ ಬೇಕಾಗುತ್ತವೆ. ಆ ಹುಡುಗ ಈಗ ಕುಂಟುತ್ತಲೇ ಓಡಾಡುತ್ತಾನೆ. ಮೊನ್ನೆ ಭೇಟಿಯಾದಾಗ ಸುರಕ್ಷತೆಯ ಪ್ಯಾಂಟು ಎಲ್ಲಿ ಸಿಗುತ್ತದೆ ಎಂದು ಕೇಳಿದ. ನಮ್ಮ ನಾಲ್ಕೂ ಊರಿನ ಪೇಟೆಯಲ್ಲಿ ವಿಚಾರಿಸಿದೆವು. ಮಷಿನ್ ಮಾರುವ ಅಂಗಡಿ ಸಿಕ್ಕವು, ಪ್ಯಾಂಟು ಇಟ್ಟ ಅಂಗಡಿ ಇನ್ನೂ ಸಿಕ್ಕಿಲ್ಲ.