ಈರುಳ್ಳಿ ಪೊರೆಯ ಹಿಂದಿನ ಚರಿತ್ರೆ

ಹೈಸ್ಕೂಲು ಮೆಟ್ಟಿಲು ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಸಸ್ಯಕೋಶದ ಚಿತ್ರ ಬರೆದವರೇ. ಇಟ್ಟಿಗೆಯಂಥ ಒಂದು ಚೌಕ, ಅದರೊಳಗೆ ಇನ್ನೊಂದು ಗೆರೆ, ಒಂದು ಪಕ್ಕದಲ್ಲಿ ದುಂಡನೆಯ ಬೊಟ್ಟು, ನಡುವೆ ದೊಡ್ಡ ಖಾಲಿ ಜಾಗ, ಅಲ್ಲಲ್ಲಿ ಹಸಿರು ಚುಕ್ಕೆ. ಬಲಗಡೆ ಹೆಸರುಗಳು: ಕೋಶಭಿತ್ತಿ, ಕೋಶಪೊರೆ, ಕೋಶಕೇಂದ್ರ, ರಸದಾನಿ, ಕ್ಲೋರೋಪ್ಲಾಸ್ಟ್. ಪರೀಕ್ಷೆಯಲ್ಲಿ ಹತ್ತು ನಿಮಿಷದ ಕೆಲಸ. ಆ ಚಿತ್ರವನ್ನು ಮೊದಲ ಸಲ ಪೂರ್ತಿ ಮಾಡಲು ಮಾತ್ರ ಮನುಷ್ಯನಿಗೆ ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕಥೆ ಲಂಡನ್ನಿನಲ್ಲಿ ಶುರುವಾಗುತ್ತದೆ. ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುವ ಕೆಲಸ ರಾಬರ್ಟ್ ಹುಕ್‌ನದು. 1665ರಲ್ಲಿ ಅವನ 'ಮೈಕ್ರೋಗ್ರಾಫಿಯಾ' ಎಂಬ ಪುಸ್ತಕ ಬಂತು. ಚಿಗಟ, ಹೇನು, ನೊಣದ ಕಣ್ಣು ಇವುಗಳ ದೊಡ್ಡ ದೊಡ್ಡ ಚಿತ್ರಗಳ ನಡುವೆ ಸೀಸೆಯ ಬಿರಡೆಗೆ ಬಳಸುವ ಕಾರ್ಕಿನ ಚಿತ್ರವೂ ಇತ್ತು. ಅವನ ಪ್ರಶ್ನೆ ಸರಳ: ಕಾರ್ಕು ಇಷ್ಟು ಹಗುರ ಏಕೆ, ನೀರಿನಲ್ಲಿ ತೇಲುವುದೇಕೆ, ಒತ್ತಿದರೆ ಮತ್ತೆ ಉಬ್ಬುವುದೇಕೆ? ಚಾಕುವನ್ನು ಕ್ಷೌರದ ಕತ್ತಿಯಂತೆ ಮಸೆದು ತೆಳ್ಳನೆಯ ಬಿಲ್ಲೆ ಕತ್ತರಿಸಿದ. ಬಿಳಿಯ ಬಿಲ್ಲೆ ಎದ್ದು ಕಾಣಲೆಂದು ಕರಿಯ ತಟ್ಟೆಯ ಮೇಲಿಟ್ಟು, ಮಸೂರದಿಂದ ಬೆಳಕು ಹಾಯಿಸಿ ನೋಡಿದ. ಜೇನುಗೂಡಿನಂತೆ ಕೋಣೆಗಳು. ಅವನ್ನು 'ಸೆಲ್', ಅಂದರೆ ಸಣ್ಣ ಕೋಣೆ ಎಂದು ಕರೆದ. ಒಂದು ಘನ ಅಂಗುಲದಲ್ಲಿ ಇಂಥವು 125 ಕೋಟಿಗೂ ಮೇಲೆ ಎಂದು ಲೆಕ್ಕ ಹಾಕಿದ.

ಕಾರ್ಕು ಸತ್ತ ತೊಗಟೆ. ಹುಕ್‌ಗೆ ಕಂಡಿದ್ದು ಗೋಡೆ ಮಾತ್ರ. ಒಳಗಿನ ವಾಸಿಗಳು ಎಂದೋ ಹೋಗಿದ್ದರು. ಹಸಿರು ಗಿಡಗಳ ಕೋಣೆಗಳಲ್ಲಿ ರಸ ತುಂಬಿರುವುದನ್ನೂ ಅವನು ಕಂಡ. ಆ ರಸ ಕೋಣೆಯಿಂದ ಕೋಣೆಗೆ ಹೋಗಲು ಬಾಗಿಲಿದೆಯೇ ಎಂದು ಹುಡುಕಿದ, ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಹೆಸರಿಟ್ಟದ್ದಕ್ಕಿಂತ ಆ ಹುಡುಕಾಟವೇ ದೊಡ್ಡದು. ಇಂದಿನ ಸಾಧಾರಣ ಶಾಲಾ ಸೂಕ್ಷ್ಮದರ್ಶಕ ಹುಕ್‌ನದಕ್ಕಿಂತ ಎಷ್ಟೋ ಸ್ಪಷ್ಟ. ಆದರೂ ಅನೇಕ ಶಾಲೆಗಳಲ್ಲಿ ಅದು ಬೀರುವಿನಿಂದ ಈಚೆ ಬರುವುದು ತಪಾಸಣೆಯ ದಿನ ಮಾತ್ರ. ಮಕ್ಕಳು ಪುಸ್ತಕದ ಚಿತ್ರ ನೋಡಿ ಚಿತ್ರ ಬರೆಯುತ್ತಾರೆ.

ಹುಕ್‌ನ ನಂತರ ಇಂಗ್ಲೆಂಡಿನ ನೆಹೆಮಿಯಾ ಗ್ರೂ, ಇಟಲಿಯ ಮಾಲ್ಪಿಘಿ ಕಾಂಡ, ಬೇರು, ಎಲೆಗಳ ಒಳರಚನೆಯನ್ನು ಬಿಡಿಸಿ ಬರೆದರು. ಇಬ್ಬರೂ ವೈದ್ಯರು. ಆಮೇಲೆ ನೂರೈವತ್ತು ವರ್ಷ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಮಸೂರಗಳು ವಸ್ತುವಿನ ಸುತ್ತ ಬಣ್ಣದ ಅಂಚು ತೋರಿಸುತ್ತಿದ್ದವು. ಆ ದೋಷ ನೀಗಿದ ಮೇಲೆಯೇ ಕೆಲಸ ಚುರುಕಾಯಿತು.

1831ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಹೊರಪದರದ ಒಂದೊಂದು ಕೋಶದಲ್ಲೂ ಒಂದು ದುಂಡು ಬೊಟ್ಟು ಇರುವುದನ್ನು ಗುರುತಿಸಿದ. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಆ ಕುಟುಂಬದ್ದೇ. ಆ ಬೊಟ್ಟೇ ಕೋಶಕೇಂದ್ರ. 1838ರಲ್ಲಿ ವಕೀಲಿ ಬಿಟ್ಟು ಸಸ್ಯಶಾಸ್ತ್ರಕ್ಕೆ ಬಂದ ಜರ್ಮನಿಯ ಷ್ಲೈಡನ್, ಗಿಡವೆಂದರೆ ಕೋಶಗಳ ಸಮೂಹವೆಂದು ಸಾರಿದ. ಮರುವರ್ಷ ಷ್ವಾನ್ ಪ್ರಾಣಿಗಳಿಗೂ ಅದನ್ನೇ ಅನ್ವಯಿಸಿದ. ಆದರೆ ಹೊಸ ಕೋಶ ದ್ರವದಲ್ಲಿ ಹರಳು ಕಟ್ಟಿದಂತೆ ತಾನಾಗಿ ಹುಟ್ಟುತ್ತದೆ ಎಂದು ಷ್ಲೈಡನ್ ನಂಬಿದ್ದ. ಇದು ತಪ್ಪು. ಒಂದು ಕೋಶ ಎರಡಾಗುವುದನ್ನು ಹ್ಯೂಗೋ ಫಾನ್ ಮೋಲ್ ಅಷ್ಟರಲ್ಲಾಗಲೇ ಪಾಚಿಯಲ್ಲಿ ಕಂಡಿದ್ದ. ಪ್ರಾಣಿಕೋಶಗಳಲ್ಲಿ ಇದನ್ನು ತೋರಿಸಿಕೊಟ್ಟವನು ರಾಬರ್ಟ್ ರೆಮಾಕ್. ಯಹೂದಿಯಾಗಿದ್ದು ಮತ ಬದಲಿಸಲು ಒಪ್ಪದ ಅವನಿಗೆ ಬರ್ಲಿನ್ನಿನಲ್ಲಿ ಪೂರ್ಣ ಪ್ರಾಧ್ಯಾಪಕನ ಹುದ್ದೆ ಸಿಗಲೇ ಇಲ್ಲ. ಕೋಶದಿಂದಲೇ ಕೋಶ ಎಂಬ ಮಾತು 1855ರ ಫಿರ್ಕೋನ ಹೆಸರಿನಲ್ಲಿ ನಿಂತಿತು. ಪಾಠ ಮಾಡುವ ಗುರುಗಳು ರೆಮಾಕ್‌ನ ಹೆಸರನ್ನೂ ಒಮ್ಮೆ ಹೇಳಿದರೆ ಚೆನ್ನ.

1846ರಲ್ಲಿ ಅದೇ ಮೋಲ್, ಗೋಡೆಯೊಳಗಿನ ಲೋಳೆಯಂಥ ವಸ್ತುವನ್ನು ಪ್ರೋಟೋಪ್ಲಾಸಂ ಎಂದು ಕರೆದ. ಜೀವ ಇರುವುದು ಗೋಡೆಯಲ್ಲಲ್ಲ, ಇದರಲ್ಲಿ ಎಂಬುದು ಬರಬರುತ್ತ ಸ್ಪಷ್ಟವಾಯಿತು. ಗೋಡೆಗೆ ಅಂಟಿಕೊಂಡಿರುವ ಪೊರೆ ಬೇರೆಯೆಂದು ತಿಳಿದದ್ದು ಉಪ್ಪಿನಿಂದ. ಈರುಳ್ಳಿಯ ಪೊರೆಯನ್ನು ಗಟ್ಟಿ ಉಪ್ಪುನೀರಿಗೆ ಹಾಕಿದರೆ ರಸದಾನಿಯ ನೀರು ಹೊರಬಂದು, ಒಳಗಿನದೆಲ್ಲ ಮುದುಡಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಗೋಡೆ ಇದ್ದಲ್ಲೇ ಇರುತ್ತದೆ. ಹಾಲೆಂಡಿನ ಹ್ಯೂಗೋ ಡಿ ವ್ರೀಸ್ 1870ರ ದಶಕದಲ್ಲಿ ಇದನ್ನು ಆಳವಾಗಿ ಅಭ್ಯಾಸ ಮಾಡಿದ. ನಮ್ಮ ತಾಯಂದಿರಿಗೆ ಇದು ಹೊಸತಲ್ಲ: ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದೆ. ಬುಡಕ್ಕೆ ಯೂರಿಯಾ ಹೆಚ್ಚಾಗಿ ಸುರಿದರೆ ಪೈರು ಸುಟ್ಟಂತಾಗುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಕುಂಬಳದ ಎಲೆ ಸಂಜೆಗೆ ಎದ್ದು ನಿಲ್ಲುವುದು ರಸದಾನಿಗಳು ಮತ್ತೆ ತುಂಬಿ ಗೋಡೆಯನ್ನು ಒತ್ತುವುದರಿಂದ. ನಾವು ಚಿತ್ರದಲ್ಲಿ ಬರೆದ ಆ 'ಖಾಲಿ ಜಾಗ' ಖಾಲಿಯಲ್ಲ.

ಹಸಿರು ಚುಕ್ಕೆಗಳ ಕೆಲಸವನ್ನು 1882ರಲ್ಲಿ ಎಂಗೆಲ್‌ಮನ್ ಬಹಳ ಜಾಣತನದಿಂದ ತೋರಿಸಿದ. ನೂಲಿನಂಥ ಪಾಚಿಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಸಾಲಾಗಿ ಬೀಳಿಸಿ, ಆಮ್ಲಜನಕ ಹುಡುಕಿ ಬರುವ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬಿಟ್ಟ. ಅವು ಕೆಂಪು ಮತ್ತು ನೀಲಿ ಬಿದ್ದ ಕಡೆ ಮುತ್ತಿದವು.

ಒಂದು ಪ್ರಶ್ನೆ ಉಳಿದಿತ್ತು: ಒಂಟಿ ಕೋಶವೊಂದು ಇಡೀ ಗಿಡವಾಗಬಲ್ಲುದೇ? 1902ರಲ್ಲಿ ಹ್ಯಾಬರ್ಲ್ಯಾಂಟ್ ಎಲೆಯ ಕೋಶಗಳನ್ನು ಬಿಡಿಸಿ ಬೆಳೆಸಲು ಯತ್ನಿಸಿದ. ಬದುಕಿದವು, ಆದರೆ ಒಂದೂ ಎರಡಾಗಲಿಲ್ಲ. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಕ್ಯಾರೆಟ್ಟಿನ ಕೋಶಗಳಿಂದ ಗಿಡ ಪಡೆದ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿ ಅವರು ದತ್ತೂರಿ ಹೂವಿನ ಪರಾಗಕೋಶವನ್ನು ಗಾಜಿನ ನಳಿಕೆಯಲ್ಲಿ ಬೆಳೆಸುತ್ತಿದ್ದಾಗ ಅದರೊಳಗಿಂದ ಭ್ರೂಣಗಳು ಮೂಡಿದವು. ಪರಾಗದ ಕಣದಿಂದಲೇ, ಅರ್ಧ ಸಂಖ್ಯೆಯ ವರ್ಣತಂತುಗಳಿಂದ, ಗಿಡ! ಭತ್ತವೂ ಸೇರಿ ಹಲವು ಬೆಳೆಗಳ ತಳಿ ಅಭಿವೃದ್ಧಿಗೆ ಈ ವಿಧಾನ ಜಗತ್ತಿನಾದ್ಯಂತ ಬಳಕೆಗೆ ಬಂತು. ತಿಪ್ಪೆಯ ಪಕ್ಕ ತಾನಾಗಿ ಬೆಳೆಯುವ ದತ್ತೂರಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇಂದು ನಮ್ಮ ರೈತರು ನರ್ಸರಿಯಿಂದ ತರುವ ಜಿ-9 ಬಾಳೆ ಸಸಿಗಳು ಬಾಳೆ ಕಂದಿನ ತುದಿಯ ಎಳೆಯ ಭಾಗದಿಂದ, ಗಾಜಿನ ಬಾಟಲಿಗಳಲ್ಲಿ ಬೆಳೆದು ಬಂದವು.